ಚಿಟಿಕೆ ಹೊಡೆಯುವಷ್ಟರಲ್ಲಿ ಬೇಕಾದ ಬಲ

2020ರ ಫೆಬ್ರುವರಿಯಲ್ಲಿ ಐಕಳದ ಕಂಬಳ ಮುಗಿದು ಕೆಲವು ದಿನಗಳಾಗುವಷ್ಟರಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರ ಹೆಸರು ದೇಶದ ತುಂಬ ಹರಿದಾಡಿತು. 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, ಅವರು ಕೋಣಗಳ ಜೊತೆ 13.62 ಸೆಕೆಂಡುಗಳಲ್ಲಿ ಓಡಿ ಮುಟ್ಟಿದ್ದರು. ಯಾರೋ ತ್ರೈರಾಶಿ ಹಾಕಿ ನೋಡಿದರು: 100 ಮೀಟರಿಗೆ 9.55 ಸೆಕೆಂಡು! ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಓಡಿದ ವಿಶ್ವದಾಖಲೆ 9.58. ಕೇಂದ್ರ ಕ್ರೀಡಾ ಸಚಿವರೇ ಮುಂದಾಗಿ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಗೌಡರಿಗೆ ಆಯ್ಕೆ ಓಟ ಏರ್ಪಡಿಸುವ ಮಾತಾಡಿದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಮುಂಗಾಲಿಗೆ ಕೆಲಸ, ಮೇಲಾಗಿ ಈ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬರ್ಥದ ಮಾತು ಹೇಳಿ ಸುಮ್ಮನಾದರು. ಆ ಗದ್ದಲದಲ್ಲಿ ಕ್ರೀಡಾ ವಿಜ್ಞಾನಕ್ಕೆ ಹತ್ತಿರವಾದ ಮಾತು ಆಡಿದವರು ಬಹುಶಃ ಅವರೊಬ್ಬರೇ.

ತ್ರೈರಾಶಿ ಓಟಕ್ಕೆ ಯಾಕೆ ಹೊಂದುವುದಿಲ್ಲ ಎಂಬುದನ್ನು ಬೋಲ್ಟ್ ಅವರ ಲೆಕ್ಕದಲ್ಲೇ ನೋಡಬಹುದು. ಅದೇ ಬರ್ಲಿನ್‌ನಲ್ಲಿ ಅವರು 200 ಮೀಟರನ್ನು 19.19 ಸೆಕೆಂಡುಗಳಲ್ಲಿ ಓಡಿದರು. ಮೊದಲ ನೂರಕ್ಕೆ 9.92, ಎರಡನೆಯ ನೂರಕ್ಕೆ 9.27. ನಿಂತ ದೇಹವನ್ನು ಕದಲಿಸಿ ವೇಗಕ್ಕೆ ತರುವ ಖರ್ಚು ಒಂದೇ ಸಲ. ದೂರ ಹೆಚ್ಚಿದಂತೆ ಆ ಖರ್ಚು ಹಂಚಿಹೋಗುತ್ತದೆ. ಹಾಗಾಗಿ 142 ಮೀಟರಿನ ಸರಾಸರಿಯನ್ನು ನೂರಕ್ಕೆ ಇಳಿಸಿದರೆ ಓಟಗಾರನಿಗೆ ಪುಕ್ಕಟೆ ಲಾಭ. ಇದರ ಮೇಲೆ ಕೋಣಗಳ ಎಳೆತ ಬೇರೆ. ಹಗ್ಗ ಹಿಡಿದವನನ್ನು ಮುಂದಕ್ಕೆ ಸೆಳೆಯುವ ಕೆಲಸ ಪ್ರಾಣಿಯದು. ಬೀಳದಂತೆ, ಹೆಜ್ಜೆ ತಪ್ಪದಂತೆ ಕಾಲು ಹಾಕುವ ಕೆಲಸ ಮನುಷ್ಯನದು. ಕೆಸರು ನೀರಿನಲ್ಲಿ ಅಷ್ಟು ವೇಗಕ್ಕೆ ಕಾಲು ಹಾಕುವುದೇನೂ ಸಣ್ಣ ಸಾಮರ್ಥ್ಯವಲ್ಲ. ಆದರೆ ಅದು ಬೇರೆ ಸಾಮರ್ಥ್ಯ.

ಈ ಪ್ರಸಂಗ ಎತ್ತಿದ ಪ್ರಶ್ನೆ ಮಾತ್ರ ಈಗಲೂ ಹಾಗೇ ಇದೆ. ವೇಗದ ಓಟ, ಜಿಗಿತ, ಭಾರ ಎತ್ತುವಿಕೆ ಮೂರೂ ಒಂದೇ ಕುಲದ ಆಟಗಳು. ಮೂರಕ್ಕೂ ಬೇಕಾದ ಆ ಬಲ ಎಲ್ಲಿಂದ ಬರುತ್ತದೆ? ಹುಟ್ಟಿನಿಂದಲೋ, ಜಿಮ್ಮಿನಿಂದಲೋ, ಊಟದಿಂದಲೋ, ಸೂಜಿಯಿಂದಲೋ? ಕಳೆದ ಐವತ್ತು-ಅರವತ್ತು ವರ್ಷಗಳಲ್ಲಿ ಸಂಶೋಧಕರು, ಕೋಚ್‌ಗಳು, ಅಷ್ಟೇ ಶ್ರದ್ಧೆಯಿಂದ ಕಳ್ಳರೂ ಈ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಅವರಿಗೆ ಸಿಕ್ಕ ಉತ್ತರಗಳನ್ನು ಗಟ್ಟಿಯೋ ಜೊಳ್ಳೋ ಎಂದು ತೂಗಿ ನೋಡಲು ಒಂದೇ ಅಳತೆಗೋಲು ಸಾಕೆಂದು ನನಗೆ ಅನ್ನಿಸುತ್ತದೆ: ಕಾಲು ನೆಲದಲ್ಲಿರುವ ಹೊತ್ತು.

ಪೂರ್ಣ ವೇಗದಲ್ಲಿರುವ ಒಳ್ಳೆಯ ಓಟಗಾರನ ಪಾದ ನೆಲದ ಮೇಲೆ ಉಳಿಯುವುದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಉದ್ದ ಜಿಗಿತದವರು ಹಲಗೆ ಒದ್ದು ಮೇಲೇಳುವುದಕ್ಕೆ ಸುಮಾರು 0.12 ಸೆಕೆಂಡು. ಆದರೆ ಮನುಷ್ಯನ ಸ್ನಾಯು ತನ್ನ ಗರಿಷ್ಠ ಬಲ ಮುಟ್ಟಬೇಕಾದರೆ 0.3 ಸೆಕೆಂಡಾದರೂ ಬೇಕು. ಅಂದರೆ ಇರುವ ಬಲವನ್ನೆಲ್ಲ ಹೊರಹಾಕುವಷ್ಟು ಸಮಯ ಯಾವ ಓಟಗಾರನಿಗೂ ಸಿಗುವುದಿಲ್ಲ. ಸಿಕ್ಕ ಅಷ್ಟರಲ್ಲಿ ಯಾರು ಹೆಚ್ಚು ಹಾಕಿದರೋ ಅವರು ಮುಂದೆ. ಅಮೆರಿಕದ ಪೀಟರ್ ವೇಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ತಿಳಿವಳಿಕೆಗೆ ಬುನಾದಿ. ಚುರುಕು ಓಟಗಾರರನ್ನೂ ನಿಧಾನಿಗಳನ್ನೂ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದಾಗ, ಗಾಳಿಯಲ್ಲಿರುವ ಕಾಲನ್ನು ಹಿಂದಿನಿಂದ ಮುಂದಕ್ಕೆ ತರಲು ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕಾಗಿತ್ತು. ವ್ಯತ್ಯಾಸ ಇದ್ದದ್ದು ನೆಲಕ್ಕೆ ಹಾಕುವ ಒತ್ತಿನಲ್ಲಿ. ವೇಗದ ಓಟಗಾರರು ಕಾಲನ್ನು ಬೇಗಬೇಗ ಬೀಸುತ್ತಾರೆ ಎಂಬ ನಮ್ಮೆಲ್ಲರ ಕಣ್ಣಳತೆ ಅಲ್ಲಿಗೆ ಸುಳ್ಳಾಯಿತು. ಬೋಲ್ಟ್ ಅವರನ್ನೇ ನೋಡಿ: ಬರ್ಲಿನ್‌ನಲ್ಲಿ ನೂರು ಮೀಟರನ್ನು 41 ಹೆಜ್ಜೆಗಳಲ್ಲಿ ಮುಗಿಸಿದರು; 60ರಿಂದ 80 ಮೀಟರ್ ನಡುವಿನ ತುಂಡಿಗೆ ತಗುಲಿದ್ದು 1.61 ಸೆಕೆಂಡು, ಗಂಟೆಗೆ 44 ಕಿಲೋಮೀಟರಿಗೂ ಮೀರಿದ ವೇಗ.

ಓಟದ ಆರಂಭದ ಕಥೆ ಬೇರೆ. ಸ್ಟಾರ್ಟಿಂಗ್ ಬ್ಲಾಕಿನಲ್ಲಿ ಒದೆಯಲು 0.3 ಸೆಕೆಂಡಿಗೂ ಹೆಚ್ಚು ಸಮಯ ಸಿಗುತ್ತದೆ. ಅಲ್ಲಿ ಒಟ್ಟು ಬಲ ಕೆಲಸಕ್ಕೆ ಬರುತ್ತದೆ. ಜಿಮ್ಮಿನಲ್ಲಿ ಸ್ಕ್ವಾಟ್ ಹೊಡೆದದ್ದು ಸಾರ್ಥಕವಾಗುವುದೂ ಅಲ್ಲೇ. ಬಲದ ಪ್ರಮಾಣದಷ್ಟೇ ಅದರ ದಿಕ್ಕೂ ಮುಖ್ಯ, ಮೊದಲ ಹೆಜ್ಜೆಗಳಲ್ಲಿ ನೆಲವನ್ನು ಹಿಂದಕ್ಕೆ ತಳ್ಳುವವನೇ ಗೆಲ್ಲುತ್ತಾನೆ ಎಂಬುದನ್ನು ಫ್ರಾನ್ಸಿನ ಜೀನ್-ಬೆನುವಾ ಮೊರಿನ್ ಅವರ ತಂಡ ತೋರಿಸಿತು. ನಮ್ಮ ಸ್ಟೇಡಿಯಂಗಳಲ್ಲಿ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿ ಹಳೇ ಟೈರ್ ಎಳೆಯುವುದನ್ನು ನೋಡಿದವರಿಗೆ ಇದು ಹೊಸತೆನಿಸುವುದಿಲ್ಲ. ಕೋಚ್‌ಗಳಿಗೆ ಕೈಯಳತೆಯಲ್ಲಿ ಗೊತ್ತಿದ್ದದ್ದಕ್ಕೆ ವಿಜ್ಞಾನ ಅಂಕಿ ಒದಗಿಸಿತು, ಅಷ್ಟೇ.

ಹಾಗಾದರೆ ಭಾರ ಎತ್ತುವುದರಿಂದ ವೇಗ ಹೆಚ್ಚುತ್ತದೆಯೇ? ಹೆಚ್ಚುತ್ತದೆ, ಒಂದು ಹಂತದವರೆಗೆ. ನಾರ್ವೆಯ ರೋಸೆನ್‌ಬೋರ್ಗ್ ಕ್ಲಬ್ಬಿನ 17 ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಕ್ವಾಟ್ ಬಲಕ್ಕೂ ಹತ್ತು ಮೀಟರ್ ಓಟಕ್ಕೂ ಬಹಳ ಗಟ್ಟಿಯಾದ ನಂಟು ಕಂಡಿತು. ಬಲವಿಲ್ಲದ ಹದಿನಾರು-ಹದಿನೇಳರ ಹುಡುಗ ಸ್ಕ್ವಾಟ್ ಕಲಿತರೆ ಓಟ, ಜಿಗಿತ ಎರಡೂ ಸುಧಾರಿಸುತ್ತವೆ. ಈಗಾಗಲೇ ತನ್ನ ತೂಕದ ಎರಡು ಪಟ್ಟು ಎತ್ತುವವನು ಇನ್ನೂ ಇಪ್ಪತ್ತು ಕಿಲೋ ಏರಿಸಿದರೆ ಸಿಗುವ ಲಾಭ ಅಲ್ಪ. ಅದರ ಜೊತೆ ಮೈತೂಕವೂ ಏರಿದರೆ ಆ ಅಲ್ಪವೂ ಕೈಬಿಡುತ್ತದೆ.

ನಮ್ಮ ಗರಡಿಮನೆಗಳ ಬಸ್ಕಿ-ದಂಡಗಳನ್ನು ಇದೇ ಅಳತೆಗೋಲಿನಲ್ಲಿ ನೋಡಬೇಕು. ನೂರಾರು ಬಸ್ಕಿ ಹೊಡೆಯುವ ಮೈಸೂರಿನ ಪೈಲ್ವಾನನ ತೊಡೆಯಲ್ಲಿ ಕಸುವಿದೆ, ದಮ್ಮಿದೆ. ಅಖಾಡದಲ್ಲಿ ಮಣ್ಣು ಹಿಡಿದು ಸೆಣಸಲು ಅದು ಬೇಕು. ಆದರೆ ನಿಧಾನವಾಗಿ, ಲಯಬದ್ಧವಾಗಿ, ದಣಿವಾಗುವ ತನಕ ಮಾಡುವ ಸಾಧನೆ 0.1 ಸೆಕೆಂಡಿನ ಆಟಕ್ಕೆ ನೆರವಾಗುವುದು ಕಡಿಮೆ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ ಅವರ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕುಸ್ತಿಯ ಆಸೆ ಹೊತ್ತು ಬಂದವರು ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್ ಕಡೆಗೆ ತಿರುಗಿದರು. 2018ರ ಕಾಮನ್‌ವೆಲ್ತ್ ಕೂಟದಲ್ಲಿ 56 ಕಿಲೋ ವರ್ಗದಲ್ಲಿ ಬೆಳ್ಳಿ ಗೆದ್ದಾಗ ಅವರು ಎತ್ತಿದ್ದು ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕಿಲೋ. ಎರಡನೆಯದು ಅವರ ಮೈತೂಕದ ಸುಮಾರು ಎರಡೂವರೆ ಪಟ್ಟು! ನೆಲದಿಂದ ಮೊಣಕಾಲಿನವರೆಗೆ ಬಾರ್ ಸಾವಕಾಶವಾಗಿ ಬರುತ್ತದೆ. ತೊಡೆ ದಾಟಿದ ಮೇಲೆ ಸೊಂಟ, ಮಂಡಿ, ಪಾದದ ಕೀಲು ಮೂರೂ ಒಟ್ಟಿಗೆ ನೆಟ್ಟಗಾಗುವ ಆ ಎಳೆತ ಹೆಚ್ಚೆಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಕೈಯಲ್ಲಿ ಭಾರ ಹಿಡಿದುಕೊಂಡು ಮಾಡುವ ಜಿಗಿತವೇ ಅದು. ಓಟಗಾರರೂ ಜಿಗಿತಗಾರರೂ ವೇಟ್‌ಲಿಫ್ಟಿಂಗಿನ ಈ ಪಟ್ಟುಗಳನ್ನು ಎರವಲು ಪಡೆದದ್ದು ಇದೇ ಕಾರಣಕ್ಕೆ.

ಈ ಎರವಲಿನ ಜೊತೆಗೆ ಒಂದು ಕಟ್ಟುಕಥೆಯೂ ಜಿಮ್ಮುಗಳಿಗೆ ಬಂದು ಕೂತಿದೆ. ಒಲಿಂಪಿಕ್ಸಿನಲ್ಲಿ ಪರೀಕ್ಷೆ ಮಾಡಿದಾಗ 30 ಮೀಟರ್ ಓಟದಲ್ಲಿ ವೇಟ್‌ಲಿಫ್ಟರ್‌ಗಳು ಓಟಗಾರರನ್ನೇ ಸೋಲಿಸಿದರಂತೆ! ಒಂದು ಪಾಠಾಂತರದಲ್ಲಿ ಇದು ನಡೆದದ್ದು 1964ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ. 1964ರ ಒಲಿಂಪಿಕ್ಸ್ ನಡೆದದ್ದು ಟೋಕಿಯೊದಲ್ಲಿ. ಕಥೆಯ ಬೆಲೆ ಅಲ್ಲೇ ತಿಳಿಯುತ್ತದೆ.

ಸೋವಿಯತ್ ಒಕ್ಕೂಟದ ಯೂರಿ ವೆರ್ಕೊಶಾನ್‌ಸ್ಕಿ 1960ರ ದಶಕದಲ್ಲಿ ಹಿಡಿದ ದಾರಿ ಇದಕ್ಕಿಂತ ನೇರವಾದದ್ದು. ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಇಳಿದು, ಪಾದ ನೆಲ ಮುಟ್ಟಿದ ತಕ್ಷಣ ಮೇಲಕ್ಕೆ ಚಿಮ್ಮುವ ಅಭ್ಯಾಸವನ್ನು ಅವರು ಜಿಗಿತಗಾರರಿಗೆ ಹಚ್ಚಿದರು. ಬೀಳುವ ದೇಹದ ಹೊಡೆತವನ್ನು ಸ್ನಾಯು ತಡೆದು ಹಿಂದಿರುಗಿಸಬೇಕು, ಅದೂ ಹೊತ್ತು ಕಳೆಯದೆ. ಇಂದು ಪ್ಲಯೊಮೆಟ್ರಿಕ್ಸ್ ಎಂದು ಎಲ್ಲ ಜಿಮ್ಮುಗಳಲ್ಲಿ ಕೇಳಿಬರುವುದರ ಮೂಲ ಅಲ್ಲಿದೆ. ದುರದೃಷ್ಟವೆಂದರೆ, ವೆರ್ಕೊಶಾನ್‌ಸ್ಕಿ ಪಳಗಿದ ಕ್ರೀಡಾಪಟುಗಳಿಗೆ ಅಳೆದು ಸುರಿದು ಕೊಟ್ಟ ಮದ್ದನ್ನು ನಮ್ಮಲ್ಲಿ ಏಳನೆಯ ತರಗತಿ ಮಕ್ಕಳಿಗೆ ಕಾಂಕ್ರೀಟಿನ ಮೇಲೆ ಬಡಿಸುತ್ತಾರೆ. ಮಂಡಿನೋವು ಹತ್ತಿ ಆಟ ಬಿಟ್ಟ ಮಕ್ಕಳ ಲೆಕ್ಕ ಇಡುವವರು ಯಾರೂ ಇಲ್ಲ.

ಇನ್ನು ಹುಟ್ಟಿನ ಮಾತು. 2007ರ ಆಗಸ್ಟಿನಲ್ಲಿ ಒಸಾಕಾದ ವಿಶ್ವ ಚಾಂಪಿಯನ್‌ಷಿಪ್‌ನ ಎತ್ತರ ಜಿಗಿತದ ಫೈನಲ್, ಹುಟ್ಟು ಹೆಚ್ಚೋ ಅಭ್ಯಾಸ ಹೆಚ್ಚೋ ಎಂಬ ವಾದಕ್ಕೆಂದೇ ಹೇಳಿ ಮಾಡಿಸಿದಂತಿತ್ತು. ಒಂದು ಕಡೆ ಸ್ವೀಡನ್ನಿನ ಸ್ಟೆಫಾನ್ ಹೋಲ್ಮ್. ಎತ್ತರ ಬರೀ 1.81 ಮೀಟರ್. ಚಿಕ್ಕಂದಿನಿಂದ ಎರಡು ದಶಕಗಳ ಕಾಲ ಬೇರೇನನ್ನೂ ಮಾಡದೆ ಜಿಗಿದೇ ಜಿಗಿದವರು. 2004ರ ಅಥೆನ್ಸ್ ಒಲಿಂಪಿಕ್ಸಿನ ಚಿನ್ನ ಅವರದು, ಒಳಾಂಗಣದಲ್ಲಿ ಒಮ್ಮೆ 2.40 ಮೀಟರ್ ದಾಟಿದ್ದರು, ತಮ್ಮ ತಲೆಗಿಂತ 59 ಸೆಂಟಿಮೀಟರ್ ಮೇಲೆ. ಇನ್ನೊಂದು ಕಡೆ ಬಹಾಮಾಸ್‌ನ ಡೊನಾಲ್ಡ್ ಥಾಮಸ್. ಅಮೆರಿಕದ ಕಾಲೇಜೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು 2006ರಲ್ಲಿ ಗೆಳೆಯರ ಜೊತೆ ಪಂಥ ಕಟ್ಟಿ ಮೊದಲ ದಿನವೇ ಏಳಡಿ ದಾಟಿದ್ದರು. ಓಡಿಬರುವ ಕ್ರಮ ಗೊತ್ತಿಲ್ಲ, ಗಾಳಿಯಲ್ಲಿ ಕಾಲು ಬಡಿಯುವ ಚಾಳಿ ಬೇರೆ. ಎರಡು ವರ್ಷವೂ ತುಂಬದ ಅಭ್ಯಾಸದಲ್ಲಿ ಒಸಾಕಾದಲ್ಲಿ 2.35 ಜಿಗಿದು ವಿಶ್ವ ಚಾಂಪಿಯನ್ ಆದರು. ಹೋಲ್ಮ್ 2.33 ಜಿಗಿದು ನಾಲ್ಕನೆಯವರಾದರು.

ಆಮೇಲೆ ಪರೀಕ್ಷಿಸಿದವರು ಥಾಮಸ್ ಅವರ ಹಿಮ್ಮಡಿಯ ಸ್ನಾಯುರಜ್ಜು ಅಸಾಧಾರಣ ಉದ್ದವಿದೆ ಎಂದರು. ಹೋಲ್ಮ್ ಅವರ ರಜ್ಜು ವರ್ಷಗಳ ಸಾಧನೆಯಿಂದ ಅಸಾಧಾರಣ ಬಿಗಿಯಾಗಿತ್ತು. ಚಾಟಿಬಿಲ್ಲಿನ ರಬ್ಬರಿಗೆ ಉದ್ದವೂ ಬೇಕು, ಬಿಗಿಯೂ ಬೇಕು. ಒಬ್ಬರು ಒಂದನ್ನು ಪಡೆದು ಬಂದಿದ್ದರು, ಇನ್ನೊಬ್ಬರು ಇನ್ನೊಂದನ್ನು ಗಳಿಸಿದ್ದರು. ಈ ಕಥೆ ಹೇಳುವವರು ಸಾಮಾನ್ಯವಾಗಿ ಒಸಾಕಾಕ್ಕೇ ನಿಲ್ಲಿಸುತ್ತಾರೆ. ಮುಂದೆ ವರ್ಷಗಟ್ಟಲೆ ಕೋಚ್‌ಗಳ ಕೈಕೆಳಗೆ ಪಳಗಿದ ಥಾಮಸ್ ಅವರ ಅತ್ಯುತ್ತಮ ಜಿಗಿತ 2.37 ಮೀಟರ್. ಎರಡೇ ಸೆಂಟಿಮೀಟರ್ ಮೇಲೆ! ಹುಟ್ಟಿನಿಂದ ಬಂದದ್ದು ಎಷ್ಟು ದೊಡ್ಡದು ಎಂಬುದಕ್ಕೂ ಸಾಕ್ಷಿ ಅದೇ, ಅದು ಎಲ್ಲಿ ನಿಂತುಬಿಡಬಹುದು ಎಂಬುದಕ್ಕೂ ಸಾಕ್ಷಿ ಅದೇ.

ವಂಶವಾಹಿಗಳ ವಿಚಾರದಲ್ಲಿ ಇಷ್ಟು ಸ್ಪಷ್ಟ ಉತ್ತರವಿಲ್ಲ. ವೇಗದ ಸ್ನಾಯುತಂತುಗಳಲ್ಲಿ ಇರುವ ಒಂದು ಪ್ರೋಟೀನನ್ನು ರೂಪಿಸುವ ಎಸಿಟಿಎನ್3 ಎಂಬ ಜೀನ್ ಬಗ್ಗೆ ಆಸ್ಟ್ರೇಲಿಯಾದ ಸಂಶೋಧಕರು 2003ರಲ್ಲಿ ವರದಿ ಮಾಡಿದಾಗ ಅದಕ್ಕೆ ವೇಗದ ಜೀನ್ ಎಂದೇ ಹೆಸರು ಬಿತ್ತು. ಈ ಪ್ರೋಟೀನ್ ಇಲ್ಲದವರು ಶ್ರೇಷ್ಠ ವೇಗದ ಓಟಗಾರರಲ್ಲಿ ತೀರಾ ವಿರಳ ಎಂಬುದು ನಿಜ. ಆದರೆ ಅದು ಇರುವವರು ಜಗತ್ತಿನಲ್ಲಿ ನೂರಾರು ಕೋಟಿ ಜನ. ನಮ್ಮ ಬೀದಿಯ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಇದ್ದೀತು. ಆ ಪ್ರೋಟೀನ್ ಇಲ್ಲದೆಯೂ 8.26 ಮೀಟರ್ ಜಿಗಿದ ಸ್ಪೇನಿನ ಉದ್ದ ಜಿಗಿತಗಾರರೊಬ್ಬರ ವರದಿ 2007ರಲ್ಲೇ ಬಂತು. ವಿಶ್ವ ಚಾಂಪಿಯನ್ ಹರ್ಡಲ್ಸ್ ಓಟಗಾರರೊಬ್ಬರ ತೊಡೆಯ ಸ್ನಾಯುವನ್ನು ಪರೀಕ್ಷಿಸಿದಾಗ ನೂರಕ್ಕೆ 71ರಷ್ಟು ವೇಗದ ತಂತುಗಳು, ಅದರಲ್ಲೂ ಅತಿವೇಗದ ಬಗೆಯವೇ 24ರಷ್ಟು ಇದ್ದವು. ಆ ಅತಿವೇಗದ ತಂತು ಸಾಮಾನ್ಯರಲ್ಲಿ ಬಹಳ ಕಡಿಮೆ. ಇಂಥದ್ದೆಲ್ಲ ಕುತೂಹಲಕ್ಕೆ ಸರಿ. ಮಗುವಿನ ಎಂಜಲು ಪರೀಕ್ಷೆಗೆ ಕಳಿಸಿ ಅದು ಯಾವ ಆಟಕ್ಕೆ ಹುಟ್ಟಿದೆ ಎಂದು ತಿಳಿಯಲು ಹಣ ಕೊಡುವ ತಂದೆ-ತಾಯಿಗೆ ಹೇಳುವುದಿಷ್ಟೇ: ಆ ದುಡ್ಡಿನಲ್ಲಿ ಒಂದು ಜೊತೆ ಸ್ಪೈಕ್ಸ್ ಬರುತ್ತದೆ.

ಏಷ್ಯಾದವರ ಮೈಕಟ್ಟು ವೇಗದ ಓಟಕ್ಕಲ್ಲ ಎಂಬ ಹಳೇ ರಾಗವನ್ನು ಚೀನಾದ ಸು ಬಿಂಗ್‌ಟಿಯಾನ್ ಟೋಕಿಯೊದಲ್ಲಿ ನಿಲ್ಲಿಸಿದರು. 1.72 ಮೀಟರ್ ಎತ್ತರ, 31 ವರ್ಷ ವಯಸ್ಸು. 2021ರಲ್ಲಿ ಅಲ್ಲಿ ನಡೆದ ಒಲಿಂಪಿಕ್ಸಿನ ನೂರು ಮೀಟರ್ ಸೆಮಿಫೈನಲಿನಲ್ಲಿ 9.83 ಸೆಕೆಂಡು. ಅವರ ಕೋಚ್ ರ‍್ಯಾಂಡಿ ಹಂಟಿಂಗ್ಟನ್, 1991ರಲ್ಲಿ ಉದ್ದ ಜಿಗಿತದಲ್ಲಿ 8.95 ಮೀಟರ್ ಹಾರಿದ ಮೈಕ್ ಪೊವೆಲ್ ಅವರನ್ನು ತಯಾರು ಮಾಡಿದವರು. ಜಿಗಿತದ ಕೋಚ್ ಓಟಗಾರನನ್ನು ತಿದ್ದಿದ್ದು ಆಕಸ್ಮಿಕವಲ್ಲ. ಎರಡರಲ್ಲೂ ಬೇಕಾದದ್ದು ನೆಲ ಮುಟ್ಟಿದ ಕ್ಷಣದ ಹದ.

ಭಾರತದ ಓಟವೂ ಈಚೆಗೆ ಚುರುಕಾಗಿದೆ. ಕರ್ನಾಟಕದ ಮಣಿಕಂಠ ಹೋಬಳಿದಾರ್ 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನೂರು ಮೀಟರನ್ನು 10.23 ಸೆಕೆಂಡಿಗೆ ಓಡಿ ರಾಷ್ಟ್ರೀಯ ದಾಖಲೆ ಬರೆದರು. 2025ರ ಮಾರ್ಚಿನಲ್ಲಿ ಅದೇ ಬೆಂಗಳೂರಿನಲ್ಲಿ ಗುರಿಂದರ್‌ವೀರ್ ಸಿಂಗ್ ಅದನ್ನು 10.20ಕ್ಕೆ ಇಳಿಸಿದರು, ಜುಲೈನಲ್ಲಿ ಅನಿಮೇಶ್ ಕುಜೂರ್ ಗ್ರೀಸಿನಲ್ಲಿ 10.18 ಓಡಿದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತುಸು ತೆಳು, ಓಟಕ್ಕೆ ತುಸು ಅನುಕೂಲ. ಸಾವಿರ ಮೀಟರ್ ದಾಟಿದರೆ ಮಾತ್ರ ದಾಖಲೆಯ ಪಕ್ಕದಲ್ಲಿ ಎತ್ತರದ ಗುರುತು ಹಾಕುವ ಪದ್ಧತಿ, ಹಾಗಾಗಿ ನಮ್ಮ ಊರು ಬಚಾವ್. ಜಿಗಿತದಲ್ಲಂತೂ ನಾವು ಇನ್ನೂ ಮುಂದೆ ಇದ್ದೇವೆ. 2023ರ ಮಾರ್ಚಿನಲ್ಲಿ ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ ಜೆಸ್ವಿನ್ ಆಲ್ಡ್ರಿನ್ ಉದ್ದ ಜಿಗಿತದಲ್ಲಿ 8.42 ಮೀಟರ್ ಹಾರಿದರು. ಎರಡು ತಿಂಗಳ ಬಳಿಕ ಪ್ರವೀಣ್ ಚಿತ್ರವೇಲ್ ಹವಾನಾದಲ್ಲಿ ಟ್ರಿಪಲ್ ಜಂಪ್‌ನಲ್ಲಿ 17.37 ಮೀಟರ್. ಇಬ್ಬರೂ ತಮಿಳುನಾಡಿನವರು, ಇಬ್ಬರಿಗೂ ಕ್ಯೂಬಾದ ಯೊಆಂದ್ರಿ ಬೆತಾಂಜೊಸ್ ಕೋಚ್. ಕ್ಯೂಬಾದ ಜಿಗಿತದ ವಿದ್ಯೆ ಬಳ್ಳಾರಿಯ ಬಿಸಿಲಿಗೆ ಬಂದು ಫಲ ಕೊಟ್ಟಿದೆ. ನಮ್ಮ ಕರಾವಳಿಯ ಸಹನಾ ಕುಮಾರಿ 2012ರಲ್ಲಿ ಎತ್ತರ ಜಿಗಿತದಲ್ಲಿ ದಾಟಿದ 1.92 ಮೀಟರ್ ಮಾತ್ರ ಹತ್ತು ವರ್ಷ ಮೀರಿಯೂ ಅಲುಗಾಡಲಿಲ್ಲ.

ತರಬೇತಿಯಲ್ಲಿ ನಾವು ಎಡವುವುದು ಎಲ್ಲಿ ಎಂದು ಕೇಳಿದರೆ ನನ್ನ ಬೆರಳು ಬೆಳಗಿನ ಮೈದಾನದ ಕಡೆಗೆ ಹೋಗುತ್ತದೆ. ನೂರು ಮೀಟರ್ ಓಡುವವರು, ಗುಂಡು ಎಸೆಯುವವರು, ಐದು ಸಾವಿರ ಮೀಟರಿನವರು ಎಲ್ಲರಿಗೂ ಒಂದೇ ಅಪ್ಪಣೆ: ಮೊದಲು ಗ್ರೌಂಡಿಗೆ ಐದು ರೌಂಡ್ ಹೊಡೆಯಿರಿ. ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕ, ತಾವೂ ಭಾರ ಎತ್ತುತ್ತಿದ್ದವರು, ದೂರದ ಓಟಕ್ಕೆ ಸೇರಿಕೊಂಡಾಗ ತಮ್ಮ ಕಸುವು ಕರಗುತ್ತಿರುವುದನ್ನು ಕಂಡು 1980ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಹತ್ತು ವಾರಗಳ ಅಭ್ಯಾಸದಲ್ಲಿ ಬರೀ ಭಾರ ಎತ್ತಿದವರ ಬಲ ಏರುತ್ತಲೇ ಹೋಯಿತು. ಭಾರದ ಜೊತೆಗೆ ದಮ್ಮಿನ ಅಭ್ಯಾಸವನ್ನೂ ಜೋರಾಗಿ ಮಾಡಿದವರ ಬಲ ಏಳೆಂಟು ವಾರಕ್ಕೆ ನಿಂತು ಆಮೇಲೆ ಇಳಿಯಿತು. ನಂತರದ ಅಧ್ಯಯನಗಳು ಈ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿವೆ. ಮೈ ಬಿಸಿ ಮಾಡಿಕೊಳ್ಳಲು ಒಂದೆರಡು ಸುತ್ತು ಓಡಿದರೆ ನಷ್ಟವೇನಿಲ್ಲ. ಆದರೆ ದಣಿದ ಕಾಲಿನಿಂದ ವೇಗ ಕಲಿಯಲು ಆಗುವುದಿಲ್ಲ ಎಂಬ ತಿರುಳು ಉಳಿದಿದೆ. ದಣಿದ ಕಾಲೇ ತೊಡೆಯ ಹಿಂಬದಿಯ ಸ್ನಾಯು ಹಿಡಿದುಕೊಳ್ಳಲೂ ಕಾರಣ. ಮಂಡಿಯೂರಿ, ಹಿಂದೆ ಒಬ್ಬರು ಪಾದ ಒತ್ತಿ ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮ ಈ ಗಾಯವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಹಲವು ಅಧ್ಯಯನಗಳು ಒಟ್ಟಾಗಿ ಹೇಳುತ್ತವೆ. ಖರ್ಚಿಲ್ಲ, ಸಲಕರಣೆ ಬೇಡ. ಆದರೂ ಮಾಡಿಸುವವರು ಕಡಿಮೆ.

ತಿನ್ನುವ ವಿಚಾರದಲ್ಲಿ ಗಟ್ಟಿಯಾಗಿ ನಿಂತಿರುವುದು ಒಂದೆರಡೇ. ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1.6 ಗ್ರಾಂನಷ್ಟು ಪ್ರೋಟೀನ್ ಸಾಕು; ಅದಕ್ಕಿಂತ ಹೆಚ್ಚು ತಿಂದು ಸ್ನಾಯುವಿಗೆ ಸಿಗುವುದೇನೂ ಹೆಚ್ಚಿಲ್ಲ. ಇನ್ನೊಂದು ಕ್ರಿಯೇಟಿನ್. ಕೆಲವೇ ಸೆಕೆಂಡುಗಳ ಪೂರ್ಣಶಕ್ತಿಯ ಕೆಲಸಕ್ಕೆ ಸ್ನಾಯು ಬಳಸುವ ಇಂಧನ ಇದರ ಮೂಲಕವೇ ಮರುಪೂರಣವಾಗುತ್ತದೆ. ಅದು ಮೀನು-ಮಾಂಸದಲ್ಲಿ ಇರುವುದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ದಾಸ್ತಾನು ಕಡಿಮೆ, ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಅವರಿಗೆ ಗುಣ ಹೆಚ್ಚು ಕಾಣುತ್ತದೆ. ನಿಷೇಧಿತವೂ ಅಲ್ಲ. ಆದರೆ ನೀರು ಹಿಡಿದು ಮೈತೂಕ ಒಂದೆರಡು ಕಿಲೋ ಏರಬಹುದು. ಗುಂಡು ಎಸೆಯುವವರಿಗೆ ಪರವಾಗಿಲ್ಲ, ಎತ್ತರ ಜಿಗಿತದವರು ಯೋಚಿಸಬೇಕು.

ಈ ಪ್ರೋಟೀನ್, ಕ್ರಿಯೇಟಿನ್ ಡಬ್ಬಿಗಳಿಂದ ನಿಷೇಧಿತ ಮದ್ದಿನ ಸೂಜಿಯ ಕಡೆಗೆ ಹೋಗುವ ದಾರಿ ದೂರವಿಲ್ಲ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ನೂರು ಮೀಟರನ್ನು 9.79ಕ್ಕೆ ಓಡಿ ಮೂರೇ ದಿನಕ್ಕೆ ಪದಕ ಕಳೆದುಕೊಂಡ ಬೆನ್ ಜಾನ್ಸನ್ ಕಥೆ ಎಲ್ಲರಿಗೂ ಗೊತ್ತು. ನಮ್ಮದೇ ಕಥೆಯನ್ನು ಅಷ್ಟು ನೆನಪಿಡುವುದಿಲ್ಲ. 2010ರ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕೂಟಗಳಲ್ಲಿ ಚಿನ್ನ ತಂದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಸೇರಿ ಆರು ಮಂದಿ ಓಟಗಾರ್ತಿಯರು 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ತರಿಸಿಕೊಟ್ಟ ಜಿನ್‌ಸೆಂಗ್ ಗುಳಿಗೆಯಲ್ಲಿ ಕಲಬೆರಕೆ ಇತ್ತೆಂಬುದು ಅವರ ವಾದ. ಇಲ್ಲಿನ ಶಿಸ್ತು ಸಮಿತಿ ಅದನ್ನು ಪರಿಗಣಿಸಿ ಶಿಕ್ಷೆಯನ್ನು ಒಂದು ವರ್ಷದ ನಿಷೇಧಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಮೈಯಲ್ಲಿ ಸಿಕ್ಕಿದ್ದಕ್ಕೆ ಮೈಯವರೇ ಹೊಣೆ ಎಂಬುದು ನಿಯಮ, ಕೊಟ್ಟವರು ಯಾರೇ ಇರಲಿ. ಅದಾದ ಮೇಲೂ ನಾವು ಪಾಠ ಕಲಿತಂತಿಲ್ಲ: 2023ರಲ್ಲಿ ನಿಷೇಧಿತ ಮದ್ದಿಗಾಗಿ ಪರೀಕ್ಷಿಸಿದ ಭಾರತದ 5,606 ಮಾದರಿಗಳಲ್ಲಿ 213 ಸಿಕ್ಕಿಬಿದ್ದವು, ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಇದೇ ಅತಿ ಹೆಚ್ಚಿನ ಪ್ರಮಾಣ.

ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಪಿ.ಟಿ. ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಜಿಮ್ಮು, ಸಿಂಥೆಟಿಕ್ ಟ್ರ್ಯಾಕು ಬರುವ ತನಕ ಕಾಯಬೇಡಿ. ಮರಳಿನ ಗುಂಡಿ ಅಗೆದು, ಅಳತೆಯ ಟೇಪು ಹಿಡಿದು ನಿಂತಲ್ಲಿಂದ ಜಿಗಿಸಿ. 30 ಮೀಟರ್ ಓಡಿಸಿ ಸಮಯ ಬರೆದಿಡಿ. ಪ್ರತಿ ಓಟದ ನಡುವೆ ಮಕ್ಕಳನ್ನು ಪೂರಾ ದಣಿವಾರಿಸಿಕೊಳ್ಳಲು ಬಿಡಿ, ಅದನ್ನು ಸೋಮಾರಿತನ ಎಂದು ಬೈಯಬೇಡಿ. ಆ ಐದು ರೌಂಡನ್ನು ದೂರದ ಓಟದವರಿಗೆ ಬಿಟ್ಟುಕೊಡಿ. ಡಬ್ಬಿ ತಂದು ಮಾರುವವನನ್ನು ಮೈದಾನದ ಗೇಟಿನಲ್ಲೇ ತಡೆಯಿರಿ.